ಜನ ಜಾಸ್ತಿಯಾದರೆ ಹೊರೆಯೋ, ಬಲವೋ?

ಪ್ರಶ್ನೆ: ಶಾಲೆಯಲ್ಲಿ ನಮ್ಮಿಂದ ‘ಜನಸಂಖ್ಯಾ ಸ್ಫೋಟ’ ಅಂತ ಪ್ರಬಂಧ ಬರೆಸುತ್ತಿದ್ದರು. ಈಗ ನೋಡಿದರೆ ಮಕ್ಕಳು ಸಾಲದು ಎನ್ನುತ್ತಿದ್ದಾರೆ. ಜನ ಕಡಿಮೆಯಾದರೆ ನಾಡಿಗೆ ಒಳ್ಳೆಯದಲ್ವಾ?
– ಓದುಗರೊಬ್ಬರು, ತುಮಕೂರು

ಉತ್ತರ: ಇದೇ ಜಗಳಕ್ಕೆ ಅಮೆರಿಕದ ಇಬ್ಬರು ಪ್ರೊಫೆಸರ್‌ಗಳು 1980ರಲ್ಲಿ ಬಾಜಿ ಕಟ್ಟಿದ್ದರು. ಜನ ಹೆಚ್ಚಿದರೆ ಎಲ್ಲ ಬರಿದಾಗುತ್ತದೆ ಎಂದವರು ಜೀವವಿಜ್ಞಾನಿ ಪಾಲ್ ಎರ್ಲಿಕ್. ಉಣ್ಣುವ ಬಾಯಿಯ ಜೊತೆ ಯೋಚಿಸುವ ತಲೆಯೂ ಬರುತ್ತದಲ್ಲ ಎಂದವರು ಅರ್ಥಶಾಸ್ತ್ರಜ್ಞ ಜೂಲಿಯನ್ ಸೈಮನ್. ತಾಮ್ರ, ತವರ, ನಿಕ್ಕಲ್, ಕ್ರೋಮಿಯಂ, ಟಂಗ್‌ಸ್ಟನ್ – ಈ ಐದು ಲೋಹಗಳ ಬೆಲೆ 10 ವರ್ಷದಲ್ಲಿ ಏರುತ್ತದೋ, ಇಳಿಯುತ್ತದೋ ಎಂಬುದು ಪಂದ್ಯ. ಅಷ್ಟರಲ್ಲಿ ಜಗತ್ತಿನ ಜನಸಂಖ್ಯೆ 80 ಕೋಟಿಗೂ ಜಾಸ್ತಿ ಏರಿತು. ಹಣದುಬ್ಬರ ಕಳೆದು ನೋಡಿದರೆ ಐದೂ ಲೋಹಗಳ ಬೆಲೆ ಇಳಿದಿತ್ತು! 1990ರಲ್ಲಿ ಎರ್ಲಿಕ್ 576.07 ಡಾಲರ್‌ನ ಚೆಕ್ ಕಳಿಸಿ ಸೋಲೊಪ್ಪಿದರು.

ಸೈಮನ್‌ಗೆ ಅದೃಷ್ಟವೂ ಇತ್ತು ಅನ್ನಿ. ಬೇರೆ ಕೆಲವು ದಶಕಗಳಲ್ಲಿ ಇದೇ ಬಾಜಿ ಕಟ್ಟಿದ್ದರೆ ಎರ್ಲಿಕ್ ಗೆಲ್ಲುತ್ತಿದ್ದರು. ಆದರೆ ಒಳಗುಟ್ಟು ನಿಜ. ತಾಮ್ರ ತುಟ್ಟಿಯಾದರೆ ಯಾರೋ ಹೊಸ ಗಣಿ ಹುಡುಕುತ್ತಾರೆ, ಇನ್ಯಾರೋ ಫೋನಿನ ತಂತಿಯ ಜಾಗಕ್ಕೆ ಗಾಜಿನ ಎಳೆ ತರುತ್ತಾರೆ. ಜನ ಹೆಚ್ಚಿದ್ದಷ್ಟೂ ಆ ‘ಯಾರೋ’ ಸಿಗುವುದು ಸುಲಭ. ಅವರಿಗೆ ಓದು ಸಿಕ್ಕಿರಬೇಕು, ಒಬ್ಬರ ಐಡಿಯಾ ಇನ್ನೊಬ್ಬರಿಗೆ ಮುಟ್ಟಬೇಕು, ಅಷ್ಟೇ.

ಈಗ ಕೋಲಾರಕ್ಕೆ ಬನ್ನಿ. ಅಲ್ಲಿ ಸಾವಿರ ಅಡಿ ಬೋರ್ ಕೊರೆಸಿದರೂ ನೀರು ಸಿಗದ ಹೊಲಗಳಿವೆ. ಅಂತರ್ಜಲಕ್ಕೆ ಬೆಲೆಯಿಲ್ಲ, 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟೂ ಉಚಿತ. ನೀರು ಬತ್ತುತ್ತಿದ್ದರೂ ಬಿಲ್ಲು ಏರುವುದಿಲ್ಲ. ಪಕ್ಕದವನು ಮೊದಲು ಎತ್ತಿಬಿಟ್ಟರೆ ಎಂಬ ಭಯಕ್ಕೆ ಎಲ್ಲರೂ ಇನ್ನಷ್ಟು ಆಳಕ್ಕೆ ಇಳಿಸುತ್ತಾರೆ. ಇಲ್ಲಿ ಊರಿನ ಜನ ಅರ್ಧವಾದರೂ ಉಳಿದವರು ತರಕಾರಿ ಬೆಳೆದು ಪೇಟೆಗೆ ಕಳಿಸುತ್ತಲೇ ಇರುತ್ತಾರೆ. ಹಾಗಾಗಿ ನೀರು, ಗಾಳಿ, ಕಾಡಿನ ವಿಷಯದಲ್ಲಿ ಸೈಮನ್ ಮಾತನ್ನು ನಾನು ಪೂರ್ತಿ ನಂಬುವುದಿಲ್ಲ. ಜನ ಕಡಿಮೆಯಾದರೆ ಎಲ್ಲ ತಾನಾಗಿ ಸರಿಹೋಗುತ್ತದೆ ಎನ್ನುವುದೂ ಸುಮ್ನೆ ಮಾತು.

ಇನ್ನು ನಮ್ಮ ರಾಜ್ಯದ ಲೆಕ್ಕ. ಪೀಳಿಗೆ ಇದ್ದಷ್ಟೇ ಉಳಿಯಲು ಒಬ್ಬ ಹೆಣ್ಣಿಗೆ ಸರಾಸರಿ 2.1 ಮಕ್ಕಳಾಗಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಅದು 1.7. ಜನಸಂಖ್ಯೆ ನಾಳೆಯೇ ಇಳಿಯುವುದಿಲ್ಲ, ಯುವಕರು ಇನ್ನೂ ತುಂಬ ಇದ್ದಾರೆ. ಆದರೆ ದುಡಿಯುವವರಿಗಿಂತ ವಯಸ್ಸಾದವರ ಸಂಖ್ಯೆ ಬೇಗ ಬೆಳೆಯುತ್ತದೆ. ಅದಕ್ಕೆ ಇನ್ನೊಂದು ಮಗು ಹೆರಿ ಎಂದು ಹೆಂಗಸರಿಗೆ ಉಪದೇಶ ಮಾಡುವುದಕ್ಕಿಂತ, ಓದಿ ಮನೆಯಲ್ಲೇ ಉಳಿದಿರುವ ಹೆಣ್ಣುಮಕ್ಕಳಿಗೆ ಕೆಲಸ ಸಿಗುವಂತೆ ಮಾಡುವುದು ಬೇಗ ಫಲ ಕೊಡುತ್ತದೆ.