ಎರಡನೇ ರೊಟ್ಟಿ ಬೇಡ ಅನ್ನುವ ಮಗ

ಪ್ರಶ್ನೆ: ಯಾದಗಿರಿ ಜಿಲ್ಲೆಯ ಹಳ್ಳಿಯವರು ನಾವು. ಗಂಡ ಪುಣೆಗೆ ಗೌಂಡಿ ಕೆಲಸಕ್ಕೆ ಹೋಗಿದ್ದಾರೆ. ತೊಗರಿ ರಾಶಿ ಮುಗಿದ ಮೇಲೆ ನನಗೂ ಸರಿಯಾಗಿ ಕೂಲಿ ಇಲ್ಲ. ಸಾಲದ ಕಂತಿಗೆ ರೊಕ್ಕ ಇಲ್ಲದ ವಾರ, ಏಳು ವರ್ಷದ ಮಗನಿಂದ ‘ಅವ್ವ ಮನ್ಯಾಗಿಲ್ಲ’ ಅಂತ ಹೇಳಿಸಿದ್ದೇನೆ. ಈಗ ಅವನು ಎರಡನೇ ರೊಟ್ಟಿ ಬೇಡ ಅಂತಾನೆ. ಶಾಲೆಯಲ್ಲಿ ಕೊಡುವ ಮೊಟ್ಟೆಯಲ್ಲಿ ಅರ್ಧ ಉಳಿಸಿ, ಚಡ್ಡಿ ಜೇಬಿನಲ್ಲಿಟ್ಟು ನಾಲ್ಕು ವರ್ಷದ ತಂಗಿಗೆ ತರುತ್ತಾನೆ. ರಾತ್ರಿ ‘ರೊಕ್ಕ ಐತೇನು?’ ಅಂತ ಕೇಳುತ್ತಾನೆ. ಮನೆ ಕಷ್ಟ ಅವನಿಗೆ ಹೇಳಲಾ, ಮುಚ್ಚಿಡಲಾ?

ಉತ್ತರ: ತಂಗಿ, ಮುಚ್ಚಿಡೋಕೆ ಇನ್ನೇನು ಉಳಿದಿದೆ? ಅವನಿಗೆ ಆಗಲೇ ಗೊತ್ತು. ಕಷ್ಟ ಎಷ್ಟು ದೊಡ್ಡದು ಅನ್ನೋದು ಮಾತ್ರ ಗೊತ್ತಿಲ್ಲ. ಬಾಗಿಲಿಗೆ ಬಂದವರನ್ನು ಕಂಡು ಅವ್ವನೇ ಅಡಗಿ ಕೂತರೆ, ನಾಳೆ ರೊಟ್ಟಿಯೂ ಇರಲ್ಲ ಅಂತ ಮಗು ಲೆಕ್ಕ ಹಾಕುತ್ತದೆ ಅಲ್ವಾ? ಆ ಎರಡನೇ ರೊಟ್ಟಿಯನ್ನು ಅವನು ನಿಮಗಾಗಿ ಉಳಿಸುತ್ತಿದ್ದಾನೆ. ನಿಮ್ಮ ಪತ್ರ ಓದಿ ಕಣ್ಣು ತುಂಬಿತು.

ಅವನಿಗೆ ಅಳತೆ ತೋರಿಸಿ. ಈ ವಯಸ್ಸಿಗೆ ಸಾವಿರದ ಲೆಕ್ಕ ತಿಳಿಯಲ್ಲ, ಡಬ್ಬಿ ತಿಳಿಯುತ್ತದೆ. ರೇಷನ್ ತಂದ ದಿನ, ಗೃಹಲಕ್ಷ್ಮಿಯ 2000 ರೂಪಾಯಿ ಜಮಾ ಆದ ದಿನ ಪಕ್ಕದಲ್ಲಿ ಕೂರಿಸಿಕೊಳ್ಳಿ. ಜೋಳದ ಡಬ್ಬಿಯಲ್ಲಿ ಅವನ ಕೈಯನ್ನೇ ಹಾಕಿಸಿ. ‘ನೋಡಪ್ಪ, ಮೊಣಕೈ ತನಕ ಜೋಳ ಐತಿ. ಹೊಸ ಅಂಗಿ ಈ ಸಲ ಆಗಂಗಿಲ್ಲ, ರೊಟ್ಟಿ ಹೊಟ್ಟೆ ತುಂಬ ತಿನ್ನು’ ಅನ್ನಿ. ಇದ್ದಷ್ಟನ್ನೇ ಹೇಳಿ, ಜಾಸ್ತಿ ಬೇಡ. ಹೇಳುವಾಗ ಅಳು ಬರುವಂತಿದ್ದರೆ ಮರುದಿನ ಹೇಳಿ.

ಮೊಟ್ಟೆ ತಂದಿದ್ದಕ್ಕೆ ಅವನನ್ನು ಬೈಯಬೇಡಿ. ನಮ್ಮ ಕಡೆ ಮಕ್ಕಳಲ್ಲಿ ಅಪೌಷ್ಟಿಕತೆ ಜಾಸ್ತಿ ಅಂತಲೇ 2021ರಲ್ಲಿ ಯಾದಗಿರಿ, ಕಲಬುರಗಿ, ಬೀದರ್ ಸೇರಿ ಈ ಭಾಗದ ಶಾಲೆಗಳಲ್ಲೇ ಮೊದಲು ಮೊಟ್ಟೆ ಕೊಡಲು ಶುರು ಮಾಡಿದ್ದು. ಅದು ಪೂರ್ತಿ ಅವನ ಹೊಟ್ಟೆಗೇ ಹೋಗಬೇಕು. ತಂಗಿಗೆ ಅಂಗನವಾಡಿಯಲ್ಲಿ ಅವಳ ಪಾಲಿನ ಊಟ ಇದೆ. ಹೆಸರು ಹಚ್ಚಿಲ್ಲದಿದ್ದರೆ ನಾಳೆಯೇ ಹಚ್ಚಿ. ಶಾಲೆ ಬೇಗ ಬಿಡುವ ಶನಿವಾರ ಅವನನ್ನೂ ಅಲ್ಲಿಗೆ ಕರೆದುಕೊಂಡು ಹೋಗಿ. ತಂಗಿ ತಟ್ಟೆ ಮುಂದೆ ಕೂತು ಉಣ್ಣುವುದನ್ನು ಅವನೇ ನೋಡಲಿ.

ಕಂತಿನ ಬಗ್ಗೆ ಸ್ವಲ್ಪ ಖಡಕ್ಕಾಗಿ ಹೇಳುತ್ತೇನೆ, ಬೇಜಾರಾಗಬೇಡಿ. ಮಗನನ್ನು ಬಾಗಿಲಿಗೆ ಕಳಿಸುವುದು ಇವತ್ತಿಗೇ ನಿಲ್ಲಲಿ. ನಿಮಗೆ ಬೇರೆ ದಾರಿ ಕಾಣಲಿಲ್ಲ, ಅದು ನನಗೆ ಅರ್ಥವಾಗುತ್ತದೆ. ಆದರೆ ಮನೆ ಕಾಯುವ ಕೆಲಸ ತನ್ನದೇ ಅಂತ ಅವನು ಅಂದುಕೊಂಡಿದ್ದು ಆ ಬಾಗಿಲಲ್ಲೇ. ಸಾಲ ತೀರಿಸಲೇಬೇಕು. ಹಾಗಂತ ಮನೆಗೆ ಬಂದು ಹೆದರಿಸಿ, ಪೀಡಿಸಿ ವಸೂಲಿ ಮಾಡುವಂತಿಲ್ಲ. ಅದನ್ನು ತಡೆಯೋಕೆ 2025ರಲ್ಲಿ ಕರ್ನಾಟಕದಲ್ಲಿ ಕಾನೂನೇ ಬಂದಿದೆ. ಹಾಗೇನಾದರೂ ಆದರೆ ಠಾಣೆಗೆ ಹೋಗಿ ದೂರು ಕೊಡಿ. ಗಂಡನಿಗೆ ಫೋನ್ ಮಾಡಿ ಪಗಾರದ ದಿನ ಕೇಳಿಕೊಳ್ಳಿ. ‘ಈ ವಾರ ಇಷ್ಟೇ ಆಗತೈತಿ, ಉಳಿದದ್ದು ಇಂಥ ದಿನ’ ಅಂತ ಕಂತಿನವರಿಗೆ ಮೊದಲೇ ತಿಳಿಸಿ. ಅವರು ಬರುವ ಹೊತ್ತಿಗೆ ಮಗ ಓಣಿಯಲ್ಲಿ ಗೋಲಿ ಆಡುತ್ತಿರಲಿ. ಬಾಗಿಲು ನೀವೇ ತೆಗೆಯಿರಿ.