ಹರಾಜಿನಲ್ಲಿ ಕೊಂಡ ಹಳೇ ಮಿಲಿಟರಿ ರೈಫಲನ್ನು ಬೆಂಗಳೂರಿನ ಮನೆಯಲ್ಲಿ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದಾ?

ರಿಪೇರಿ ಮಾಡಿದರೂ ಗುಂಡು ಹಾರದು ಅನ್ನುವಂಥದ್ದಾದರೆ ಇಟ್ಟುಕೊಳ್ಳಬಹುದು. ಇಲ್ಲದಿದ್ದರೆ ಲೈಸೆನ್ಸ್ ಬೇಕೇ ಬೇಕು.

ನೂರು ವರ್ಷ ದಾಟಿದರೆ ಅದು ಆ್ಯಂಟಿಕ್, ಕಾನೂನು ಅಡ್ಡ ಬರಲ್ಲ ಅಂತ ಸುಮಾರು ಜನ ಅಂದುಕೊಂಡಿರುತ್ತಾರೆ. ಆದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಂ ನೋಡುವುದು ಬರೀ ವಯಸ್ಸನ್ನಲ್ಲ, ಗುಂಡು ಹಾರುತ್ತದಾ ಇಲ್ಲವಾ ಅನ್ನುವುದನ್ನು. ತುಕ್ಕು ಹಿಡಿದು ಕೆಟ್ಟು ಕೂತ ಬತ್ತಿ ಕೋವಿಗೆ (ಉರಿಯುವ ಬತ್ತಿಯಿಂದ ಮದ್ದು ಹೊತ್ತಿಸುವ ಹಳೇ ಕೋವಿ) ವಿನಾಯಿತಿ ಸಿಗಬಹುದು. 1907ರಲ್ಲಿ ಬ್ರಿಟಿಷ್ ಸೇನೆಗೆ ಬಂದ ಲೀ ಎನ್‌ಫೀಲ್ಡ್ ರೈಫಲ್ ಮಾದರಿಯ ಕಥೆ ಬೇರೆ. ಸುಸ್ಥಿತಿಯಲ್ಲಿದ್ದರೆ ಅದು ಇವತ್ತಿಗೂ ಪಾಯಿಂಟ್ 303 (0.303 ಇಂಚು ಅಳತೆಯ) ತೋಟಾ ಹಾರಿಸುತ್ತದೆ. ಆ ತೋಟಾ ಸೇನೆ, ಪೊಲೀಸರು ಬಳಸಿದ್ದು. ಹಾಗಾಗಿ ಅಂಥ ರೈಫಲ್ ನಿಷೇಧಿತ ವರ್ಗಕ್ಕೆ ಸೇರುತ್ತದೆ, ಮಾಮೂಲಿ ಲೈಸೆನ್ಸ್ ಕೂಡ ಸಾಲದು. ಶೋಕಿಗೆ ಗೋಡೆಗೆ ನೇತುಹಾಕ್ತೀನಿ ಅಂದರೂ ಅಷ್ಟೇ.

ಮಾರುವವರ ‘ಇದು ವರ್ಕ್ ಆಗಲ್ಲ ಸಾರ್’ ಅನ್ನುವ ಬಾಯಿಮಾತನ್ನು ನಾನಂತೂ ನಂಬಲ್ಲ. ಬಿಡ್ ಕೂಗುವ ಮುಂಚೆಯೇ ಬರಹದಲ್ಲಿ ಪ್ರಮಾಣಪತ್ರ ಕೇಳಿ. ಅನುಮಾನವಿದ್ದರೆ ನಗರ ಪೊಲೀಸ್ ಕಮಿಷನರ್ ಕಚೇರಿಯ ಲೈಸೆನ್ಸ್ ವಿಭಾಗದಲ್ಲಿ ವಿಚಾರಿಸಿ.

ಅಂದಹಾಗೆ, ನೂರು ವರ್ಷ ದಾಟಿದ, ಐತಿಹಾಸಿಕ ಮಹತ್ವದ ವಸ್ತು 1972ರ ಪುರಾವಸ್ತು ಕಾಯ್ದೆಯಡಿ ಬರುತ್ತದೆ. ಅದನ್ನು ನೀವಾಗಿಯೇ ವಿದೇಶಕ್ಕೆ ಒಯ್ಯುವ ಹಾಗಿಲ್ಲ.