ನಾಲ್ಕು ಇಂಪ್ಲಾಂಟ್‌ಗೆ ಅಳತೆ: ಅಷ್ಟು ಹೊತ್ತು ಯಾಕೆ?

ಪ್ರಶ್ನೆ: ಅಮ್ಮನ ಕೆಳದವಡೆಗೆ ನಾಲ್ಕು ಇಂಪ್ಲಾಂಟ್ (ಹಲ್ಲಿನ ಕೃತಕ ಬೇರು) ಹಾಕಿಸಿದ್ದೇವೆ. ಅಳತೆ ತೆಗೆಯುವಾಗ ಡಾಕ್ಟರು ಅವುಗಳ ನಡುವೆ ಕೆಂಪು ರೆಸಿನ್ ಕಟ್ಟಿ, ಕತ್ತರಿಸಿ, ಮತ್ತೆ ಅದನ್ನೇ ಅಂಟಿಸಿದರು. ನನ್ನ ಒಂದು ಇಂಪ್ಲಾಂಟ್‌ಗೆ ಇದ್ಯಾವುದೂ ಇರಲಿಲ್ಲ. ಸ್ಕ್ಯಾನ್ ಮಾಡಿದ್ದರೆ ಸಾಕಾಗುತ್ತಿರಲಿಲ್ಲವೇ?
– ಓದುಗರು, ದಾವಣಗೆರೆ

ಉತ್ತರ: ನಿಮ್ಮ ಡಾಕ್ಟರು ಮಾಡಿದ್ದು ಸರಿಯಾದ ಕೆಲಸ. ಸಹಜ ಹಲ್ಲಿನ ಬೇರಿನ ಸುತ್ತ ತೆಳುವಾದ ನಾರಿನ ಪದರ ಇರುವುದರಿಂದ ಹಲ್ಲು ಕೊಂಚ ಅಲುಗುತ್ತದೆ, ಅಳತೆಯ ಸಣ್ಣ ತಪ್ಪನ್ನು ಸಹಿಸಿಕೊಳ್ಳುತ್ತದೆ. ಇಂಪ್ಲಾಂಟ್ ನೇರವಾಗಿ ಮೂಳೆಗೇ ಕೂಡಿಕೊಂಡಿರುವುದರಿಂದ ಹೆಚ್ಚುಕಡಿಮೆ ಅಲುಗುವುದೇ ಇಲ್ಲ. ಅವುಗಳ ಮೇಲೆ ಕೂರಿಸುವ ಹಲ್ಲುಗಳ ಸಾಲು, ಅಂದರೆ ಬ್ರಿಡ್ಜ್, ಸರಿಯಾಗಿ ಕೂರದಿದ್ದರೆ ಒತ್ತಡ ಅದನ್ನು ಹಿಡಿದಿಡುವ ಸ್ಕ್ರೂ ಮೇಲೆ ಬಿದ್ದು ಅದು ಸಡಿಲವಾಗುತ್ತದೆ, ಕೆಲವೊಮ್ಮೆ ಮುರಿಯುತ್ತದೆ.

ಒಂದೇ ಇಂಪ್ಲಾಂಟ್ ಇದ್ದರೆ ಮುಚ್ಚಿದ ಟ್ರೇ (ಅಚ್ಚಿನ ಪದಾರ್ಥ ತುಂಬಿ ಬಾಯಿಗಿಡುವ ತಟ್ಟೆ) ಸಾಕು. ಅದರಲ್ಲಿ ಟ್ರೇ ಹೊರಬಂದರೂ ಕೋಪಿಂಗ್, ಅಂದರೆ ಇಂಪ್ಲಾಂಟ್‌ನ ಜಾಗ ಅಚ್ಚಿನಲ್ಲಿ ಮೂಡಲೆಂದು ಅದರ ಮೇಲೆ ಕೂರಿಸುವ ಬಿಡಿಭಾಗ, ಬಾಯಲ್ಲೇ ಉಳಿಯುತ್ತದೆ. ಬಿಚ್ಚಿ ಅಚ್ಚಿನೊಳಗೆ ಕೈಯಿಂದ ಕೂರಿಸಬೇಕು. ನಾಲ್ಕು ಇದ್ದು, ಓರೆಯಾಗಿಯೂ ಇದ್ದರೆ, ಟ್ರೇ ಎಳೆಯುವಾಗ ಅಚ್ಚು ಜಗ್ಗುತ್ತದೆ, ಕೋಪಿಂಗ್ ಮೊದಲಿನ ಜಾಗಕ್ಕೆ ಕರಾರುವಾಕ್ಕಾಗಿ ಕೂರುವುದಿಲ್ಲ. ಆದ್ದರಿಂದ ತೂತಿರುವ ತೆರೆದ ಟ್ರೇ ಬಳಸುತ್ತಾರೆ. ಉದ್ದ ಸ್ಕ್ರೂಗಳನ್ನು ಮೇಲಿನಿಂದಲೇ ಬಿಚ್ಚಿದರೆ ಕೋಪಿಂಗ್‌ಗಳು ಅಚ್ಚಿನ ಜೊತೆಗೇ ಬರುತ್ತವೆ.

ಕೆಂಪು ರೆಸಿನ್ ಕೋಪಿಂಗ್‌ಗಳನ್ನು ಒಂದಕ್ಕೊಂದು ಬಿಗಿಯಾಗಿ ಹಿಡಿದಿಡುತ್ತದೆ. ಆದರೆ ಗಟ್ಟಿಯಾಗುತ್ತಾ ಕುಗ್ಗುವುದು ಅದರ ಗುಣ. ಹಾಗೇ ಬಿಟ್ಟರೆ ಕೋಪಿಂಗ್‌ಗಳನ್ನೇ ಎಳೆದುಬಿಡುತ್ತದೆ. ಅದಕ್ಕೇ ಕುಗ್ಗುವುದು ಬಹುಪಾಲು ಮುಗಿದ ಮೇಲೆ ತೆಳು ಡಿಸ್ಕ್‌ನಿಂದ ಕೊಯ್ದು, ಆ ಸಣ್ಣ ಸಂದಿಗಷ್ಟೇ ಹೊಸ ರೆಸಿನ್ ತುಂಬುತ್ತಾರೆ. ಆಮೇಲೆ ಕುಗ್ಗುವುದು ಆ ಚೂರು ಮಾತ್ರ.

ಇಷ್ಟು ಮಾಡಿಯೂ ಕೆಡುವ ಎರಡು ಕಡೆ ಇವೆ. ಕೋಪಿಂಗ್ ಕೆಳಗೆ ವಸಡು ಸಿಕ್ಕಿಕೊಂಡರೆ ಅದು ಪೂರ್ತಿ ಕೂರುವುದಿಲ್ಲ. ಎಕ್ಸ್‌ರೇ ತೆಗೆದೇ ನೋಡಬೇಕು. ಇನ್ನೊಂದು ಲ್ಯಾಬ್‌ನದು: ಕೋಪಿಂಗ್‌ಗೆ ಜೋಡಿಸುವ ಇಂಪ್ಲಾಂಟ್‌ನ ನಕಲನ್ನು (ಅನಲಾಗ್) ಇಕ್ಕಳದಲ್ಲಿ ಹಿಡಿಯದೆ ಸ್ಕ್ರೂ ಬಿಗಿದರೆ ಕೋಪಿಂಗ್ ಅಚ್ಚಿನೊಳಗೇ ತಿರುಗಿಬಿಡುತ್ತದೆ.

ಅಕ್ಕಪಕ್ಕದ ಒಂದೆರಡು ಇಂಪ್ಲಾಂಟ್‌ಗೆ ಸ್ಕ್ಯಾನ್ ಚೆನ್ನಾಗಿಯೇ ಒದಗುತ್ತದೆ. ಇಡೀ ದವಡೆಗೆ ಹಾಗಲ್ಲ. ಸ್ಕ್ಯಾನರ್ ಚಿಕ್ಕ ಚಿಕ್ಕ ಚಿತ್ರಗಳನ್ನು ಜೋಡಿಸುತ್ತಾ ಹೋಗುತ್ತದೆ. ಹಲ್ಲಿಲ್ಲದ ನುಣ್ಣನೆಯ ವಸಡಿನಲ್ಲಿ ಗುರುತು ಹಿಡಿಯಲು ಏನೂ ಸಿಗದೆ, ಒಂದು ತುದಿಯಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ತಪ್ಪು ಕೂಡಿಕೊಳ್ಳುತ್ತಾ ಬರುತ್ತದೆ.

ಬ್ರಿಡ್ಜ್‌ನ ಲೋಹದ ಚೌಕಟ್ಟು ಬಂದ ದಿನ ಅಮ್ಮನ ಜೊತೆ ನೀವೂ ಹೋಗಿ. ಒಂದು ತುದಿಯ ಸ್ಕ್ರೂ ಮಾತ್ರ ಬಿಗಿದಾಗ ಇನ್ನೊಂದು ತುದಿ ಮೇಲೇಳಬಾರದು. ಎದ್ದರೆ ಚೌಕಟ್ಟನ್ನು ಕತ್ತರಿಸಿ ಸರಿಪಡಿಸಬೇಕು, ಇಲ್ಲವೇ ಹೊಸದಾಗಿ ಅಳತೆ ತೆಗೆಯಬೇಕು. ಉಳಿದ ಸ್ಕ್ರೂಗಳನ್ನು ಬಿಗಿದು ಬಲವಂತವಾಗಿ ಕೂರಿಸಲು ಒಪ್ಪಬೇಡಿ.